1896ರ ಸೋಲಿನ ಅರ್ಥ: ಜನಚಳವಳಿಯ ಉಮೇದುವಾರನೂ ರಾಷ್ಟ್ರದ ಚುನಾವಣೆಯೂ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಇತಿಹಾಸವನ್ನು ನಮ್ಮ ಕಾಲೇಜುಗಳಲ್ಲಿ ಓದುವ ವಿದ್ಯಾರ್ಥಿಗಳು 1896ರ ರಾಷ್ಟ್ರಾಧ್ಯಕ್ಷ ಚುನಾವಣೆಯನ್ನು ಬಹುಮಟ್ಟಿಗೆ ಎರಡು ಮೂರು ವಾಕ್ಯಗಳಲ್ಲಿ ತಿಳಿದುಕೊಂಡು ಮುಂದಕ್ಕೆ ಸಾಗುತ್ತಾರೆ. ಸಾಲದಲ್ಲಿ ಮುಳುಗಿದ್ದ ರೈತರ ಪರವಾಗಿ ವಿಲಿಯಂ ಜೆನಿಂಗ್ಸ್ ಬ್ರಯನ್ ಎಂಬ ತರುಣ ವಾಗ್ಮಿ ನಿಂತನು. ಹಣವಂತರ ಬೆಂಬಲವಿದ್ದ ವಿಲಿಯಂ ಮೆಕಿನ್ಲಿ ಅವನನ್ನು ಸೋಲಿಸಿದನು. ರೈತರ ಚಳವಳಿ ಅಲ್ಲಿಗೆ ಮುಗಿಯಿತು. ಇಷ್ಟನ್ನು ಓದಿದವರು ಇದರಿಂದ ಒಂದು ನಿಯಮವನ್ನು ತಾವೇ ಹೊರಡಿಸಿಕೊಳ್ಳುವುದು ಸಹಜ. ಕೆಳಗಿನಿಂದ ಎದ್ದ ಜನಚಳವಳಿಯ ಉಮೇದುವಾರನು ಒಂದು ಜಿಲ್ಲೆಯನ್ನು ಗೆದ್ದಾನು, ಒಂದು ರಾಜ್ಯವನ್ನೂ ಗೆದ್ದಾನು. ಇಡೀ ರಾಷ್ಟ್ರವನ್ನು ಮಾತ್ರ ಗೆಲ್ಲಲಾರನು ಎಂಬುದೇ ಆ ನಿಯಮ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ನಾವು ಇದನ್ನು ಪದೇ ಪದೇ ಕಂಡಿದ್ದೇವೆ. ತಪ್ಪೆಂದು ಗೆರೆ ಎಳೆಯಲು ಕೈ ಬಾರದು. ಸರಿಯೆಂದು ಗುರುತು ಹಾಕಲು ಮನಸ್ಸು ಒಪ್ಪದು.

ಈ ಹಿಂಜರಿಕೆಯೇ ಪ್ರಸ್ತುತ ಲೇಖನಕ್ಕೆ ಕಾರಣ. ಒಂದು ಚುನಾವಣೆಯ ಫಲಿತಾಂಶದಿಂದ ಸಾರ್ವಕಾಲಿಕ ನಿಯಮವನ್ನು ಕಟ್ಟುವುದು ಇತಿಹಾಸಶಾಸ್ತ್ರಕ್ಕೆ ಒಪ್ಪುವ ಕ್ರಮವಲ್ಲ. ಆದರೆ ಹಾಗೆಂದು ಹೇಳಿ ಕೈತೊಳೆದುಕೊಂಡರೆ ಸಾಲದು. ಆ ಸೋಲು ಏಕಾಯಿತೆಂಬುದಕ್ಕೆ ವಿದ್ವಾಂಸರು ಕೊಟ್ಟಿರುವ ಉತ್ತರಗಳನ್ನು ತೂಗಿನೋಡಿ, ಅವುಗಳಲ್ಲಿ ಯಾವುದು ಎಷ್ಟರಮಟ್ಟಿಗೆ ನಿಲ್ಲುತ್ತದೆಂದು ನಿರ್ಧರಿಸಬೇಕು. ಈ ವಿಷಯದಲ್ಲಿ ಮೂರು ಗ್ರಂಥಗಳು ಮುಖ್ಯವಾದುವು: ಜಾನ್ ಡಿ. ಹಿಕ್ಸ್ ಅವರ ‘ದಿ ಪಾಪ್ಯುಲಿಸ್ಟ್ ರಿವೋಲ್ಟ್’ (1931), ರಿಚರ್ಡ್ ಹಾಫ್‌ಸ್ಟಾಡ್ಟರ್ ಅವರ ‘ದಿ ಏಜ್ ಆಫ್ ರಿಫಾರ್ಮ್’ (1955), ಲಾರೆನ್ಸ್ ಗುಡ್ವಿನ್ ಅವರ ‘ಡೆಮೊಕ್ರಾಟಿಕ್ ಪ್ರಾಮಿಸ್’ (1976). ಮೂರೂ ಒಂದೇ ಸೋಲನ್ನು ಕುರಿತು ಮೂರು ಬೇರೆ ಬೇರೆ ತೀರ್ಪುಗಳನ್ನು ಕೊಡುತ್ತವೆ. ಅವನ್ನು ಪರಿಶೀಲಿಸುವ ಮುನ್ನ ಘಟನೆಗಳ ಸಂಕ್ಷಿಪ್ತ ನಿರೂಪಣೆ ಅವಶ್ಯಕ.

ಚಳವಳಿಯ ಮೂಲವನ್ನು 1877ರ ಸುಮಾರಿಗೆ ಟೆಕ್ಸಸ್ ರಾಜ್ಯದ ಲ್ಯಾಂಪಾಸಸ್ ಎಂಬಲ್ಲಿ ಹುಟ್ಟಿದ ರೈತರ ಒಕ್ಕೂಟದಲ್ಲಿ ಹುಡುಕಬೇಕು. ಅಂತರ್ಯುದ್ಧವು ಮುಗಿದ ಬಳಿಕ ದಕ್ಷಿಣದ ಹತ್ತಿ ಬೆಳೆಗಾರನು ಅಂಗಡಿಯ ಸಾಹುಕಾರನಿಗೆ ಕಟ್ಟುಬಿದ್ದಿದ್ದನು. ಬಿತ್ತನೆಗೆ ಮುಂಚೆಯೇ, ಬರಲಿರುವ ಬೆಳೆಯನ್ನು ಒತ್ತೆಯಿಟ್ಟು, ಬೀಜ, ಗೊಬ್ಬರ, ಆಹಾರಗಳನ್ನು ಸಾಲವಾಗಿ ತರುತ್ತಿದ್ದನು. ಸುಗ್ಗಿಯಲ್ಲಿ ಬೆಳೆಯೆಲ್ಲ ಸಾಹುಕಾರನ ಪಾಲಾದರೂ ಲೆಕ್ಕ ತೀರುತ್ತಿರಲಿಲ್ಲ. ಪಶ್ಚಿಮದ ಬಯಲುಗಳಲ್ಲಿ ಗೋಧಿ ಬೆಳೆಯುವವನಿಗೆ ಜಮೀನಿನ ಅಡಮಾನವೂ ರೈಲ್ವೆ ಕಂಪನಿಗಳ ಸಾಗಣೆಯ ದರವೂ ಹೊರೆಯಾಗಿದ್ದುವು. ಬೆಲೆಗಳೋ ವರ್ಷೇ ವರ್ಷೇ ಇಳಿಯುತ್ತಿದ್ದುವು. ಬೆಲೆ ಇಳಿದಂತೆಲ್ಲ ಸಾಲದ ತೂಕ ಏರುವುದು ಸಾಲಗಾರನಿಗೆ ಯಾರೂ ಕಲಿಸಬೇಕಾಗಿಲ್ಲದ ಅರ್ಥಶಾಸ್ತ್ರ. ಒಕ್ಕೂಟವು ಇದಕ್ಕೆ ಮೊದಲು ಕಂಡುಕೊಂಡ ಪರಿಹಾರ ಚುನಾವಣೆಯಲ್ಲ, ಸಹಕಾರ. ಒಟ್ಟಾಗಿ ಕೊಳ್ಳುವುದು, ಒಟ್ಟಾಗಿ ಮಾರುವುದು, ಊರೂರಿಗೆ ಉಪನ್ಯಾಸಕರನ್ನು ಕಳುಹಿಸಿ ಬೆಲೆ, ಬಡ್ಡಿ, ನಾಣ್ಯಗಳ ಗುಟ್ಟನ್ನು ರೈತನಿಗೆ ತಿಳಿಸುವುದು ಅದರ ಕಾರ್ಯಕ್ರಮವಾಗಿತ್ತು. ಬ್ಯಾಂಕುಗಳು ಈ ಸಹಕಾರ ಸಂಸ್ಥೆಗಳಿಗೆ ಸಾಲ ಕೊಡಲು ಹಿಂದೆಗೆದಾಗ, 1889ರಲ್ಲಿ ಚಾರ್ಲ್ಸ್ ಮಕ್ಯೂನ್ ಎಂಬುವನು ಉಪಖಜಾನೆಯ ಯೋಜನೆಯನ್ನು ಮುಂದಿಟ್ಟನು. ಸರ್ಕಾರವೇ ಉಗ್ರಾಣಗಳನ್ನು ಕಟ್ಟಿ, ರೈತನು ತಂದಿಟ್ಟ ಧಾನ್ಯದ ಮೇಲೆ ಕಡಮೆ ಬಡ್ಡಿಗೆ ಸಾಲ ಕೊಡಬೇಕೆಂಬುದು ಅದರ ತಿರುಳು. ಇರುವ ಎರಡು ಪಕ್ಷಗಳಲ್ಲಿ ಯಾವುದೂ ಇದನ್ನು ಕೈಗೆತ್ತಿಕೊಳ್ಳದಾಗ ಮೂರನೆಯ ಪಕ್ಷ ಅನಿವಾರ್ಯವಾಯಿತು.

1892ರ ಜುಲೈ 4ರಂದು ಒಮಹಾ ನಗರದಲ್ಲಿ ಜನಪಕ್ಷವು ತನ್ನ ಪ್ರಣಾಳಿಕೆಯನ್ನು ಹೊರಡಿಸಿತು. ರೈಲ್ವೆಗಳ ರಾಷ್ಟ್ರೀಕರಣ, ವರಮಾನಕ್ಕೆ ತಕ್ಕಂತೆ ಏರುವ ತೆರಿಗೆ, ಉಪಖಜಾನೆ, ಬೆಳ್ಳಿಯ ಅನಿರ್ಬಂಧ ಟಂಕೀಕರಣ ಇವು ಅದರ ಬೇಡಿಕೆಗಳು. ಸೆನೆಟ್ ಸದಸ್ಯರನ್ನು ಜನರೇ ಚುನಾಯಿಸಬೇಕೆಂದೂ ಸಮ್ಮೇಳನ ನಿರ್ಣಯಿಸಿತು. ಉಮೇದುವಾರನಾಗಬಹುದೆಂದು ಎಲ್ಲರೂ ಎಣಿಸಿದ್ದ, ಉತ್ತರ ಕರೊಲಿನದ ಲಿಯೊನಿಡಸ್ ಪೋಕ್ ಸಮ್ಮೇಳನಕ್ಕೆ ಮೂರು ವಾರ ಮುಂಚೆ ಮೃತನಾದನು. ಅಯೊವ ರಾಜ್ಯದ ಜೇಮ್ಸ್ ವೀವರ್ ಉಮೇದುವಾರನಾಗಿ ನಿಂತು ಹತ್ತು ಲಕ್ಷಕ್ಕೆ ಮೀರಿದ ಮತಗಳನ್ನು, ಎಂದರೆ ಒಟ್ಟು ಮತಗಳಲ್ಲಿ ಶೇಕಡ 8.5ರಷ್ಟನ್ನು ಪಡೆದನು. ಕ್ಯಾನ್ಸಸ್, ಕೊಲರಾಡೊ, ಐಡಹೊ, ನೆವಾಡ ರಾಜ್ಯಗಳನ್ನು ಗೆದ್ದು 22 ಚುನಾಯಕರ ಮತಗಳು ಅವನಿಗೆ ದೊರೆತುವು. 1894ರ ಕಾಂಗ್ರೆಸ್ ಚುನಾವಣೆಯಲ್ಲಿ ಪಕ್ಷದ ಮತಗಳು 14 ಲಕ್ಷವನ್ನು ದಾಟಿದುವು.

ಈ ನಡುವೆ ಬೆಳ್ಳಿಯ ಪ್ರಶ್ನೆ ಉಳಿದ ಬೇಡಿಕೆಗಳನ್ನೆಲ್ಲ ಹಿಂದಕ್ಕೆ ತಳ್ಳಿತು. ಇದರಲ್ಲಿ ನಮ್ಮ ದೇಶದ ಪಾತ್ರವೂ ಉಂಟೆಂಬುದು ನಮ್ಮ ವಿದ್ಯಾರ್ಥಿಗಳ ಗಮನಕ್ಕೆ ಬರಬೇಕಾದ ಸಂಗತಿ. 1893ರ ಜೂನ್ 26ರಂದು ಭಾರತದ ಬ್ರಿಟಿಷ್ ಸರ್ಕಾರವು ಖಾಸಗಿಯವರ ಬೆಳ್ಳಿಯನ್ನು ರೂಪಾಯಿಯಾಗಿ ಟಂಕಿಸಿಕೊಡುವುದನ್ನು ನಿಲ್ಲಿಸಿತು. ಜಗತ್ತಿನ ಬೆಳ್ಳಿಗೆ ಒಂದು ದೊಡ್ಡ ಹಾದಿ ಮುಚ್ಚಿದಂತಾಗಿ ಅದರ ಬೆಲೆ ಕುಸಿಯಿತು. ಆ ವರ್ಷದ ಆರ್ಥಿಕ ಮುಗ್ಗಟ್ಟಿನಲ್ಲಿ ಸಿಲುಕಿದ್ದ ಅಧ್ಯಕ್ಷ ಕ್ಲೀವ್‌ಲ್ಯಾಂಡನು ಕೆಲವೇ ದಿನಗಳಲ್ಲಿ ಕಾಂಗ್ರೆಸ್ಸಿನ ವಿಶೇಷ ಅಧಿವೇಶನವನ್ನು ಕರೆದು, ಸರ್ಕಾರವು ಬೆಳ್ಳಿಯನ್ನು ಕೊಳ್ಳಬೇಕೆಂಬ 1890ರ ಶಾಸನವನ್ನು ರದ್ದುಪಡಿಸಿದನು. ಚಿನ್ನವೊಂದೇ ನಾಣ್ಯಕ್ಕೆ ಆಧಾರವೆಂಬುದು ಸಾಲಗಾರ ರೈತನಿಗೆ ಉರುಳಿನಂತೆ ತೋರಿತು. ಬೆಳ್ಳಿಯ ಗಣಿಗಳ ಒಡೆಯರಿಗೂ ಬೆಳ್ಳಿಯ ಪರವಾದ ಕೂಗು ಲಾಭದಾಯಕವಾಗಿತ್ತು. ಹೀಗೆ ಎರಡು ಬೇರೆ ಬೇರೆ ಹಿತಗಳು ಒಂದೇ ಘೋಷಣೆಯಲ್ಲಿ ಬಂದು ಸೇರಿದುವು.

1896ರ ಜುಲೈ 9ರಂದು ಶಿಕಾಗೊ ನಗರದಲ್ಲಿ ಡೆಮೊಕ್ರಾಟಿಕ್ ಪಕ್ಷದ ಸಮ್ಮೇಳನವನ್ನುದ್ದೇಶಿಸಿ ಬ್ರಯನ್ ಮಾಡಿದ ಭಾಷಣ ಪ್ರಸಿದ್ಧವಾದುದು. ಆಗ ಅವನಿಗೆ 36 ವರ್ಷ. ನೆಬ್ರಾಸ್ಕದಿಂದ ಎರಡು ಅವಧಿ ಪ್ರತಿನಿಧಿ ಸಭೆಯ ಸದಸ್ಯನಾಗಿದ್ದವನು. ಮರುದಿನವೇ ಅವನು ಆ ಪಕ್ಷದ ಉಮೇದುವಾರನಾದನು. ಅದೇ ತಿಂಗಳು ಸೇಂಟ್ ಲೂಯಿಯಲ್ಲಿ ಸೇರಿದ ಜನಪಕ್ಷವು ಇಕ್ಕಟ್ಟಿಗೆ ಸಿಕ್ಕಿತು. ತನ್ನದೇ ಉಮೇದುವಾರನನ್ನು ನಿಲ್ಲಿಸಿದರೆ ಬೆಳ್ಳಿಯ ಮತಗಳು ಒಡೆಯುವುವು. ಬ್ರಯನನನ್ನೇ ಒಪ್ಪಿಕೊಂಡರೆ ಪಕ್ಷದ ಅಸ್ತಿತ್ವವೇ ಕರಗುವುದು. ಕೊನೆಗೆ ಬ್ರಯನನನ್ನು ಒಪ್ಪಿ, ಉಪಾಧ್ಯಕ್ಷ ಸ್ಥಾನಕ್ಕೆ ಮಾತ್ರ ಡೆಮೊಕ್ರಾಟರು ಸೂಚಿಸಿದ್ದ ಹಡಗುಗಳ ಉದ್ಯಮಿ ಸೂಯಲನನ್ನು ಬಿಟ್ಟು, ಜಾರ್ಜಿಯದ ಥಾಮಸ್ ವಾಟ್ಸನನನ್ನು ಆರಿಸಿತು. ಬ್ರಯನ್ ರೈಲಿನಲ್ಲಿ ಸುಮಾರು 18,000 ಮೈಲಿ ಸಂಚರಿಸಿ ಸುಮಾರು 600 ಭಾಷಣಗಳನ್ನು ಮಾಡಿದನು. ಮೆಕಿನ್ಲಿ ಓಹಾಯೊ ರಾಜ್ಯದ ಕ್ಯಾಂಟನ್ನಿನಲ್ಲಿ ತನ್ನ ಮನೆಯ ಜಗಲಿಯನ್ನು ಬಿಟ್ಟು ಕದಲಲಿಲ್ಲ. ಜನರನ್ನೇ ರೈಲುಗಳಲ್ಲಿ ಅಲ್ಲಿಗೆ ಕರೆತರಲಾಯಿತು. ನವೆಂಬರಿನಲ್ಲಿ ಮೆಕಿನ್ಲಿಗೆ ಸುಮಾರು 71 ಲಕ್ಷ ಮತಗಳು, ಬ್ರಯನನಿಗೆ ಸುಮಾರು 65 ಲಕ್ಷ. ಚುನಾಯಕರ ಮತಗಳು 271 ಮತ್ತು 176.

ಇನ್ನು ವಿದ್ವಾಂಸರ ತೀರ್ಪುಗಳಿಗೆ ಬರೋಣ. ಹಿಕ್ಸ್ ಅವರ ದೃಷ್ಟಿಯಲ್ಲಿ ಈ ಚಳವಳಿ ಗಡಿನಾಡಿನ ಖಾಲಿ ಭೂಮಿ ಮುಗಿಯುತ್ತ ಬಂದ ಕಾಲದ ಕೂಗು. ಭೂಮಿ ಇರುವವರೆಗೆ ಕಷ್ಟಕ್ಕೆ ಸಿಕ್ಕಿದವನು ಇನ್ನೂ ಪಶ್ಚಿಮಕ್ಕೆ ಹೋಗಬಹುದಾಗಿತ್ತು. ಅದು ತೀರಿದಾಗ ಅವನು ಸರ್ಕಾರದ ಕಡೆ ತಿರುಗಿದನು. ಚುನಾವಣೆಯಲ್ಲಿ ಪಕ್ಷ ಸೋತರೂ ಅದರ ಬೇಡಿಕೆಗಳು ಕಾಲಕ್ರಮದಲ್ಲಿ ಶಾಸನಗಳಾದುವು, ಆದುದರಿಂದ ಸೋಲು ತೋರಿಕೆಯದು ಎಂಬುದು ಅವರ ಸಮಾಧಾನ. ಈ ಗ್ರಂಥದ ಸಂಗತಿಗಳ ಸಂಗ್ರಹವನ್ನು ಇಂದಿಗೂ ಅವಲಂಬಿಸಬಹುದು. ಆದರೆ ಅದರ ಸಮಾಧಾನವನ್ನು ಪೂರ್ತಿಯಾಗಿ ಸ್ವೀಕರಿಸಲು ನಮಗೆ ಸಾಧ್ಯವಿಲ್ಲ. ವರಮಾನ ತೆರಿಗೆಗೂ ಸೆನೆಟ್ ಸದಸ್ಯರ ನೇರ ಚುನಾವಣೆಗೂ ಎಡೆಮಾಡಿದ ಸಂವಿಧಾನದ ತಿದ್ದುಪಡಿಗಳು 1913ರಲ್ಲಿ ಜಾರಿಗೆ ಬಂದುದು ನಿಜ. ಆದರೆ 1892ರಲ್ಲಿ ಬೆಳೆಯನ್ನು ಒತ್ತೆಯಿಟ್ಟವನಿಗೆ 1913ರ ತಿದ್ದುಪಡಿಯಿಂದ ಆದ ಉಪಕಾರವೇನು? ಬೇಡಿಕೆ ಉಳಿಯಿತೆಂದ ಮಾತ್ರಕ್ಕೆ ಬೇಡಿದವನು ಉಳಿದನೆಂದು ಹೇಳಲಾಗದು.

ಹಾಫ್‌ಸ್ಟಾಡ್ಟರ್ ಅವರದು ಇದಕ್ಕಿಂತ ಕಟುವಾದ ತೀರ್ಪು. ಅವರ ಮತದಲ್ಲಿ ರೈತನು ಹಳೆಯ ಕೃಷಿಯುಗದ ಒಂದು ಕನಸಿನಲ್ಲಿದ್ದನು. ವಾಸ್ತವದಲ್ಲಿ ತಾನೂ ಮಾರುಕಟ್ಟೆಗೆ ಬೆಳೆಯುವ ವ್ಯಾಪಾರಿಯಾಗಿದ್ದರೂ, ತನ್ನ ಕಷ್ಟಗಳಿಗೆಲ್ಲ ಹಣಕಾಸಿನವರ ಪಿತೂರಿಯೇ ಕಾರಣವೆಂದು ನಂಬಿದನು. ಆ ನಂಬಿಕೆಯಲ್ಲಿ ಯೆಹೂದ್ಯರ ಮೇಲಣ ದ್ವೇಷದ ಸುಳಿವೂ ಇತ್ತು. ಹೀಗೆ ಹಿಂದಕ್ಕೆ ನೋಡುವವನು ಮುಂದಕ್ಕೆ ಸಾಗುತ್ತಿದ್ದ ರಾಷ್ಟ್ರವನ್ನು ಗೆಲ್ಲಲಾರದೆ ಹೋದುದು ಆಶ್ಚರ್ಯವಲ್ಲವೆಂಬ ಧ್ವನಿ ಈ ವಾದದಲ್ಲಿದೆ. ನಮ್ಮ ವಿದ್ಯಾರ್ಥಿಗಳ ನಿಯಮಕ್ಕೆ ದೂರದ ಮೂಲ ಇದೇ ಇರಬೇಕೆಂದು ನಾವು ಊಹಿಸುತ್ತೇವೆ. ಈ ಗ್ರಂಥಕ್ಕೆ 1956ರಲ್ಲಿ ಪುಲಿಟ್ಜರ್ ಪಾರಿತೋಷಕ ದೊರೆಯಿತು. ಅದರ ಶೈಲಿ ಮನೋಹರವಾದುದು, ಅದರ ಮಾತುಗಳು ಬೇಗ ಪಠ್ಯಪುಸ್ತಕಗಳನ್ನು ಸೇರುವಂಥವು. ಆದರೆ 1962ರಲ್ಲಿ ನಾರ್ಮನ್ ಪೊಲ್ಲಾಕ್, 1963ರಲ್ಲಿ ವಾಲ್ಟರ್ ನ್ಯೂಜೆಂಟ್ ಇದನ್ನು ಬಲವಾಗಿ ಖಂಡಿಸಿದರು. ನ್ಯೂಜೆಂಟರು ಕ್ಯಾನ್ಸಸ್ ರಾಜ್ಯವೊಂದನ್ನೇ ಕೂಲಂಕಷವಾಗಿ ಪರೀಕ್ಷಿಸಿ, ಅಲ್ಲಿಯ ಚಳವಳಿಗಾರರು ಪರಕೀಯರನ್ನು ದ್ವೇಷಿಸುವವರಾಗಿರಲಿಲ್ಲವೆಂದು ತೋರಿಸಿದರು. 2007ರಲ್ಲಿ ಪ್ರಕಟವಾದ ‘ದಿ ಪಾಪ್ಯುಲಿಸ್ಟ್ ವಿಷನ್’ ಎಂಬ ಗ್ರಂಥದಲ್ಲಿ ಚಾರ್ಲ್ಸ್ ಪೋಸ್ಟೆಲ್ ಅವರು, ಈ ರೈತರು ವಿಜ್ಞಾನ, ಶಿಕ್ಷಣ, ದೊಡ್ಡ ಸಂಘಟನೆಗಳಲ್ಲಿ ವಿಶ್ವಾಸವಿಟ್ಟ ಆಧುನಿಕರೆಂದೇ ವಾದಿಸಿದ್ದಾರೆ. ಉಗ್ರಾಣದ ರಸೀದಿಯ ಮೇಲೆ ಸಾಲ ಕೊಡುವ ಯೋಜನೆಯನ್ನು ರೂಪಿಸಿದವರನ್ನು ಕನಸಿನವರೆಂದು ಕರೆಯುವುದು ಹೇಗೆ? ಪಿತೂರಿಯ ಮಾತು ಅವರಲ್ಲಿ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಅಂಥ ಮಾತು ಆ ಕಾಲದಲ್ಲಿ ಎದುರು ಪಕ್ಷದವರ ಬಾಯಲ್ಲಿಯೂ ಇತ್ತೆಂಬುದನ್ನು ಮರೆಯಬಾರದು. ಬ್ರಯನನ ಬೆಂಬಲಿಗರನ್ನು ಅರಾಜಕರೆಂದು ಚಿತ್ರಿಸಿದವರು ಕಡಮೆ ಜನರಲ್ಲ. ಎರಡು ಕಡೆಯವರಲ್ಲಿಯೂ ಇದ್ದ ದೋಷವು ಒಂದು ಕಡೆಯ ಸೋಲಿಗೆ ಮಾತ್ರ ಕಾರಣವಾಗಲಾರದು.

ಗುಡ್ವಿನ್ ಅವರ ಉತ್ತರ ಮತ್ತೂ ಬೇರೆ. ಚಳವಳಿಯ ಜೀವ ಇದ್ದುದು ಸಹಕಾರದ ಅನುಭವದಲ್ಲಿ. ಒಟ್ಟಾಗಿ ಮಾರಾಟಮಾಡಲು ಹೊರಟು, ಬ್ಯಾಂಕಿನ ಬಾಗಿಲಲ್ಲಿ ತಡೆದು, ಆ ತಡೆಯಿಂದಲೇ ರಾಜ್ಯನೀತಿಯನ್ನು ಕಲಿತವರು ನಿಜವಾದ ಚಳವಳಿಗಾರರು. ಬೆಳ್ಳಿಯ ಘೋಷಣೆ ಅದರ ನೆರಳು ಮಾತ್ರ. ಸಹಕಾರ ಸಂಘಗಳು ಬೇರೂರದೆ ಇದ್ದ ನೆಬ್ರಾಸ್ಕದಂಥ ರಾಜ್ಯಗಳ ನಾಯಕರು, ಸ್ಥಾನಗಳ ಆಸೆಯಿಂದ ಡೆಮೊಕ್ರಾಟರೊಡನೆ ಮೈತ್ರಿ ಮಾಡಿಕೊಂಡು, ಪಕ್ಷವನ್ನು ಅದರ ಬೇರಿನಿಂದ ಕಿತ್ತರು. ಹೀಗಾಗಿ 1896ರಲ್ಲಿ ಸೋತದ್ದು ಚಳವಳಿಯಲ್ಲ. ಅದು ಚುನಾವಣೆಗೆ ಮೊದಲೇ ಸೇಂಟ್ ಲೂಯಿಯಲ್ಲಿ ಸತ್ತಿತ್ತು ಎಂಬುದು ಈ ವಾದದ ಸಾರ. ಇದರಲ್ಲಿ ಒಂದು ದೊಡ್ಡ ಸತ್ಯವಿದೆ. ಬ್ರಯನನನ್ನು ಜನಚಳವಳಿಯ ಉಮೇದುವಾರನೆಂದು ಕರೆಯುವಾಗಲೇ ನಾವು ಎಡವುತ್ತೇವೆ. ಅವನು ಒಕ್ಕೂಟದ ಉಪನ್ಯಾಸಕನಾಗಿ ಬೆಳೆದವನಲ್ಲ; ಉಪಖಜಾನೆಯಾಗಲಿ ರೈಲ್ವೆಯ ರಾಷ್ಟ್ರೀಕರಣವಾಗಲಿ ಆ ವರ್ಷ ಅವನ ಪಕ್ಷದ ಪ್ರಣಾಳಿಕೆಯಲ್ಲಿ ಇರಲಿಲ್ಲ. ಚಳವಳಿಯ ನಿಜವಾದ ಉಮೇದುವಾರ ವೀವರ್. ಆದುದರಿಂದ 1896ರ ಫಲಿತಾಂಶದಿಂದ ಜನಚಳವಳಿಯ ಉಮೇದುವಾರನ ಬಗ್ಗೆ ನಿಯಮ ಕಟ್ಟುವವರು ಬೇರೊಬ್ಬನ ಸೋಲನ್ನು ಇವನ ಲೆಕ್ಕಕ್ಕೆ ಬರೆಯುತ್ತಿದ್ದಾರೆ.

ಆದರೂ ಗುಡ್ವಿನ್ ಅವರ ಉತ್ತರ ನಮ್ಮ ಪ್ರಶ್ನೆಯನ್ನು ಮುಗಿಸುವುದಿಲ್ಲ. ಮೈತ್ರಿಯ ಕಳಂಕವಿಲ್ಲದೆ, ಪೂರ್ಣ ಪ್ರಣಾಳಿಕೆಯೊಡನೆ ನಿಂತ ವೀವರನಿಗೆ ದೊರೆತುದು ಶೇಕಡ 8.5. ಎರಡು ವರ್ಷಗಳ ಬಳಿಕ ಮತಗಳು ಏರಿದುವು, ನಿಜ. ಆದರೆ ರಾಷ್ಟ್ರಮಟ್ಟದ ಬಹುಮತ ಇನ್ನೂ ಬಹುದೂರದಲ್ಲಿತ್ತು. ಶುದ್ಧವಾಗಿ ಉಳಿದಿದ್ದರೆ ಗೆಲ್ಲುತ್ತಿತ್ತು ಎನ್ನುವುದಕ್ಕೆ ಈ ಅಂಕಿಗಳಲ್ಲಿ ಆಧಾರ ಕಾಣದು. ಎರಡನೆಯದಾಗಿ, ಚಳವಳಿಯ ಬೇರಿನಲ್ಲಿಯೇ ಒಂದು ಒಡಕಿತ್ತು. ಬಿಳಿಯರ ಒಕ್ಕೂಟವು ನೀಗ್ರೋ ರೈತರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಲಿಲ್ಲ. ಅವರಿಗೆ 1886ರಲ್ಲಿ ಪ್ರತ್ಯೇಕ ಒಕ್ಕೂಟವಾಯಿತು. 1891ರಲ್ಲಿ ಹತ್ತಿ ಬಿಡಿಸುವ ಕಪ್ಪು ಕೂಲಿಗಾರರು ಕೂಲಿ ಹೆಚ್ಚಿಸಬೇಕೆಂದು ಮುಷ್ಕರ ಹೂಡಿದಾಗ ಬಿಳಿಯರ ಒಕ್ಕೂಟದ ನಾಯಕರು ಅವರ ಬೆಂಬಲಕ್ಕೆ ಬರಲಿಲ್ಲ. ಅರ್ಕನ್ಸಾ ರಾಜ್ಯದಲ್ಲಿ ಆ ಮುಷ್ಕರ ರಕ್ತದಲ್ಲಿ ಕೊನೆಗೊಂಡಿತು. ಜಮೀನಿನ ಒಡೆಯನಾದ ಸಣ್ಣ ರೈತನ ಹಿತವೂ ಕೂಲಿಗಾರನ ಹಿತವೂ ಒಂದೇ ಅಲ್ಲವೆಂಬುದು ಹೀಗೆ ಬಯಲಾಯಿತು. ಗುಡ್ವಿನ್ ಅವರು ಈ ಸಂಗತಿಗಳನ್ನು ಮರೆಮಾಚುವುದಿಲ್ಲ. ಆದರೆ ಇವು ಅವರ ವಾದದ ನಡುವೆ ಬರದೆ ಅಂಚಿನಲ್ಲಿ ಉಳಿಯುತ್ತವೆ. ವಾಟ್ಸನನ ಜೀವನವೇ ಇದಕ್ಕೆ ಸಾಕ್ಷಿ. 1892ರಲ್ಲಿ ಕಪ್ಪು ರೈತನೂ ಬಿಳಿಯ ರೈತನೂ ಒಂದೇ ಸಾಲದ ಬಲೆಯಲ್ಲಿದ್ದಾರೆಂದು ಸಾರಿದವನು, ಮುಂದೆ ಕಪ್ಪು ಜನರ ಮತಾಧಿಕಾರವನ್ನು ಕಿತ್ತುಕೊಳ್ಳುವುದಕ್ಕೆ ತಾನೇ ಬೆಂಬಲವಾದನು. ಈ ಪತನದ ಕಥೆಯನ್ನು ಸಿ. ವಾನ್ ವುಡ್‌ವರ್ಡ್ ಅವರು 1938ರ ತಮ್ಮ ಗ್ರಂಥದಲ್ಲಿ ನಿಷ್ಠುರವಾಗಿಯೂ ಮರುಕದಿಂದಲೂ ನಿರೂಪಿಸಿದ್ದಾರೆ.

ಈಗ ನಮ್ಮ ಅಭಿಪ್ರಾಯವನ್ನು ಹೇಳುವ ಸಂದರ್ಭ ಬಂದಿದೆ. 1896ರ ಸೋಲು ವಿಧಿಲಿಖಿತವಾಗಿರಲಿಲ್ಲ. ಅಂದು ಚುನಾಯಕರ ಮತಗಳು ಒಟ್ಟು 447. ಗೆಲ್ಲಲು ಬೇಕಾದುದು 224. ಬ್ರಯನನಿಗೆ ಕಡಮೆಯಾದುವು 48. ಕ್ಯಾಲಿಫೋರ್ನಿಯದಲ್ಲಿ ಮೆಕಿನ್ಲಿಗೆ ದೊರೆತ 8, ಕೆಂಟಕಿಯ 12, ಇಂಡಿಯಾನದ 15, ಪಶ್ಚಿಮ ವರ್ಜೀನಿಯದ 6, ಆರೆಗನ್ನಿನ 4, ಉತ್ತರ ಡಕೋಟದ 3 ಇವನ್ನು ಕೂಡಿದರೆ ಸರಿಯಾಗಿ 48 ಆಗುತ್ತದೆ. ಈ ಆರು ರಾಜ್ಯಗಳಲ್ಲಿ ಒಟ್ಟು ಸುಮಾರು 20,000 ಮತದಾರರು ಈ ಕಡೆಯಿಂದ ಆ ಕಡೆಗೆ ವಾಲಿದ್ದರೆ ಬ್ರಯನ್ ಅಧ್ಯಕ್ಷನಾಗುತ್ತಿದ್ದನು. ಕೆಂಟಕಿಯಲ್ಲಿ ಅಂತರ ಕೇವಲ 281 ಮತಗಳು. ಅಲ್ಲದೆ, ಅದುವರೆಗೆ ಗೆದ್ದಿದ್ದ ಯಾವ ಅಧ್ಯಕ್ಷನಿಗೂ ದೊರೆಯದಷ್ಟು ಮತಗಳು ಸೋತ ಬ್ರಯನನಿಗೆ ದೊರೆತಿದ್ದುವು. ಇಷ್ಟು ಹತ್ತಿರ ಬಂದ ಸೋಲಿನಿಂದ ಎಂದಿಗೂ ಗೆಲ್ಲಲಾರನೆಂಬ ನಿಯಮ ಹೊರಡುವುದಿಲ್ಲ.

ಹಾಗೆಂದು ಈ ಲೆಕ್ಕವನ್ನು ಅತಿಯಾಗಿ ನೆಚ್ಚುವುದೂ ಸರಿಯಲ್ಲ. ರಾಷ್ಟ್ರದ ಒಟ್ಟು ಮತಗಳಲ್ಲಿ ಅಂತರ ಆರು ಲಕ್ಷದಷ್ಟಿತ್ತು. ಬ್ರಯನ್ ಗೆದ್ದ 22 ರಾಜ್ಯಗಳನ್ನು ಭೂಪಟದಲ್ಲಿ ಗುರುತಿಸಿದರೆ ಸೋಲಿನ ಕಾರಣ ಕಣ್ಣಿಗೆ ಕಟ್ಟುತ್ತದೆ. ದಕ್ಷಿಣದ ಹತ್ತಿಯ ನಾಡು, ಪಶ್ಚಿಮದ ಗೋಧಿಯ ಬಯಲುಗಳು, ಬೆಳ್ಳಿಯ ಬೆಟ್ಟಗಳು ಅವನವು. ಈಶಾನ್ಯದ ಒಂದು ರಾಜ್ಯವೂ ಅವನಿಗಿಲ್ಲ. ಕೈಗಾರಿಕೆಯ ಪಟ್ಟಣಗಳು ಹೋದುದು ಮಾತ್ರವಲ್ಲ, ಅಯೊವ, ವಿಸ್ಕಾನ್ಸಿನ್, ಮಿನಿಸೋಟ, ಇಲಿನಾಯ್‌ಗಳಂಥ ದೊಡ್ಡ ಬೇಸಾಯದ ರಾಜ್ಯಗಳೂ ಹೋದುವು. ಇದು ವಿಚಾರಾರ್ಹ. ಹಂದಿ, ಹಾಲು, ಜೋಳ ಎಂದು ಹಲವು ಬಗೆಯ ಬೇಸಾಯಕ್ಕೆ ತಿರುಗಿ, ಹತ್ತಿರದ ಪಟ್ಟಣಗಳಿಗೆ ಮಾರುತ್ತಿದ್ದ ರೈತನಿಗೆ ಹತ್ತಿಯವನ ನೋವು ತನ್ನದೆನಿಸಲಿಲ್ಲ. ಕೂಲಿಯಿಂದ ಬದುಕುವವನ ಮಾತೂ ಹಾಗೆಯೇ. ಬೆಳ್ಳಿಯ ನಾಣ್ಯದಿಂದ ಬೆಲೆಗಳು ಏರಿದರೆ ಸಾಲಗಾರನಿಗೆ ಬಿಡುಗಡೆ. ಕೂಲಿಗಾರನಿಗೆ ದುಬಾರಿ ರೊಟ್ಟಿ. ಇದೊಂದು ಪ್ರಶ್ನೆಗೆ ಬ್ರಯನ್ 600 ಭಾಷಣಗಳಲ್ಲಿಯೂ ಮನದಟ್ಟಾಗುವ ಉತ್ತರವನ್ನು ಕೊಡಲಾರದೆ ಹೋದನು.

ಗೋಧಿಯ ವಿಷಯದಲ್ಲಿ ಮತ್ತೊಮ್ಮೆ ನಮ್ಮ ದೇಶ ಕಾಣಿಸಿಕೊಳ್ಳುತ್ತದೆ. 1896ರ ಮಳೆ ಕೈಕೊಟ್ಟು ಭಾರತದಲ್ಲಿ ಕ್ಷಾಮ ತಲೆದೋರಿತು. ನಮ್ಮ ವಿಜಾಪುರ ಜಿಲ್ಲೆಯೂ ಅದರ ಹೊಡೆತಕ್ಕೆ ಸಿಕ್ಕಿತ್ತು. ಇಲ್ಲಿಯ ಬೆಳೆ ಕೆಟ್ಟ ಸುದ್ದಿಯಿಂದ ಜಗತ್ತಿನ ಪೇಟೆಯಲ್ಲಿ ಗೋಧಿಯ ಬೆಲೆ, ಅಮೆರಿಕದಲ್ಲಿ ಮತದಾನ ನಡೆಯುವ ಮುಂಚಿನ ವಾರಗಳಲ್ಲಿ, ಮೇಲೇರಿತು. ಚಿನ್ನದ ನಾಣ್ಯವಿರುವವರೆಗೆ ಬೆಲೆ ಏರದೆಂಬ ಬ್ರಯನನ ವಾದದ ಅಡಿಗಲ್ಲು ಅಷ್ಟರಮಟ್ಟಿಗೆ ಸಡಿಲಿತು. ಬೆಲೆಯೊಂದನ್ನೇ ನಂಬಿ ಕಟ್ಟಿದ ಜನಬೆಂಬಲವು ಬೆಲೆಯೊಡನೆಯೇ ಏರಿಳಿಯುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹಣದ ಪಾತ್ರವನ್ನು ನಾವು ಅಲ್ಲಗಳೆಯುವುದಿಲ್ಲ. ಮೆಕಿನ್ಲಿಯ ಪರವಾಗಿ ಮಾರ್ಕ್ ಹ್ಯಾನನು ಕೂಡಿಸಿದ ನಿಧಿ ಸುಮಾರು 35 ಲಕ್ಷ ಡಾಲರು. ಸ್ಟಾಂಡರ್ಡ್ ಆಯಿಲ್ ಸಂಸ್ಥೆಯೊಂದರಿಂದಲೇ ಎರಡೂವರೆ ಲಕ್ಷ ಬಂದಿತ್ತು. ಬ್ರಯನನ ಪಕ್ಷದ ಬಳಿ ಇದ್ದುದು ಅದರ ಒಂದು ಸಣ್ಣ ಪಾಲು. ಬ್ರಯನ್ ಗೆದ್ದರೆ ಮರುದಿನ ಕೆಲಸಕ್ಕೆ ಬರಬೇಕಾಗಿಲ್ಲವೆಂದು ಹೆದರಿಸಿದ ಕಾರ್ಖಾನೆಯ ಒಡೆಯರೂ ಇದ್ದರು. ಆದರೆ ಹಣ ಮಾಡಿದ ಕೆಲಸ ಯಾವುದೆಂಬುದನ್ನು ವಿವೇಚಿಸಬೇಕು. ಅದು ಇಲ್ಲದ ಅನುಮಾನವನ್ನು ಹುಟ್ಟಿಸಲಿಲ್ಲ. ಕೂಲಿಗಾರನ ಮನಸ್ಸಿನಲ್ಲಿ ಆಗಲೇ ಇದ್ದ ಅನುಮಾನವನ್ನು ಬೆಳೆಸಿತು. ಚಳವಳಿಯ ಉಪನ್ಯಾಸಕರು ಲ್ಯಾಂಪಾಸಸ್ಸಿನ ರೈತನಲ್ಲಿ ಹತ್ತು ವರ್ಷ ಕುಳಿತು ಮಾತನಾಡಿದಂತೆ ಪಿಟ್ಸ್‌ಬರ್ಗಿನ ಕೂಲಿಗಾರನ ಬಳಿ ಯಾರೂ ಕುಳಿತಿರಲಿಲ್ಲ. ಖಾಲಿ ಇದ್ದ ಆ ಜಾಗದಲ್ಲಿ ಹ್ಯಾನನ ಕರಪತ್ರಗಳು ಬಂದು ಬಿದ್ದುವು.

ನಮ್ಮ ವಾದದ ಕೇಂದ್ರ ಇಲ್ಲಿದೆ. ಜನಚಳವಳಿಗೆ ಬಲ ಬರುವುದು ಅದರ ಸ್ಥಳೀಯತೆಯಿಂದ: ಒಂದೇ ಬೆಳೆ, ಒಂದೇ ಸಾಲ, ಒಂದೇ ಸಂತೆ, ಒಬ್ಬರನ್ನೊಬ್ಬರು ಬಲ್ಲ ಜನ. ರಾಷ್ಟ್ರದ ಬಹುಮತವನ್ನಾದರೋ ಆ ನೋವನ್ನು ಅರಿಯದವರಿಂದಲೂ ಕೂಡಿಸಬೇಕು. ಈ ಅಂತರವನ್ನು ದಾಟುವುದಕ್ಕೆ ಎರಡು ಮಾರ್ಗಗಳಿವೆ. ಸಂಘಟನೆ ಮೊದಲು ದಾಟಿ ಉಮೇದುವಾರನು ಅದರ ಹಿಂದೆ ಹೋಗುವುದು ಒಂದು. ಉಮೇದುವಾರನು ಒಂದು ಘೋಷಣೆಯನ್ನು ಹಿಡಿದು ಒಬ್ಬನೇ ದಾಟಲು ಯತ್ನಿಸುವುದು ಇನ್ನೊಂದು. 1896ರಲ್ಲಿ ಆದುದು ಎರಡನೆಯದು. ಬ್ರಯನನು 1900ರಲ್ಲಿಯೂ 1908ರಲ್ಲಿಯೂ ಮತ್ತೆ ನಿಂತನು. ಅವನ ಕಂಠವೂ ಕೀರ್ತಿಯೂ ಕುಗ್ಗಿರಲಿಲ್ಲ. ಆದರೆ ಚುನಾಯಕರ ಮತಗಳು 155ಕ್ಕೂ 162ಕ್ಕೂ ಇಳಿದುವು. ಹಿಂದೆ ನಿಲ್ಲುವ ಸಂಘಟನೆ ಕರಗಿಹೋಗಿದ್ದಿತು.

ಮೊದಲನೆಯ ಮಾರ್ಗದಿಂದ ಗೆದ್ದವರುಂಟೆ ಎಂದರೆ, ಉಂಟು. ಅಮೆರಿಕದಲ್ಲಿಯೇ 1824ರಲ್ಲಿ ಆಂಡ್ರೂ ಜಾಕ್ಸನನು ಎಲ್ಲರಿಗಿಂತ ಹೆಚ್ಚು ಮತಗಳನ್ನು ಪಡೆದರೂ ಬಹುಮತವಿಲ್ಲದ ಕಾರಣ ಪ್ರತಿನಿಧಿ ಸಭೆಯು ಜಾನ್ ಕ್ವಿನ್ಸಿ ಆಡಮ್ಸನನ್ನು ಆರಿಸಿತು. ಮುಂದಿನ ನಾಲ್ಕು ವರ್ಷಗಳಲ್ಲಿ ಮಾರ್ಟಿನ್ ವಾನ್ ಬ್ಯೂರೆನ್ ಮುಂತಾದವರು ಉತ್ತರ ದಕ್ಷಿಣಗಳನ್ನು ಕೂಡಿಸುವ ಪಕ್ಷವನ್ನು ಕಟ್ಟಿದರು. 1828ರಲ್ಲಿ ಜಾಕ್ಸನ್ 178 ಚುನಾಯಕರ ಮತಗಳಿಂದ ಗೆದ್ದನು. ಆದರೆ ಜಾಕ್ಸನ್ ತೋಟಗಳ ಒಡೆಯ, ಸೇನಾಪತಿ. ಅವನನ್ನು ಕೆಳಗಿನಿಂದ ಎದ್ದವನೆನ್ನಲು ಹಲವರು ಒಪ್ಪಲಾರರು. ಆದುದರಿಂದ ಇನ್ನೂ ಸ್ಪಷ್ಟವಾದ ನಿದರ್ಶನವನ್ನು ಬ್ರಜಿಲ್ ದೇಶದಿಂದ ತೆಗೆದುಕೊಳ್ಳಬಹುದು. ಲೋಹದ ಕಾರ್ಖಾನೆಯ ಕಾರ್ಮಿಕರಾಗಿದ್ದ ಲೂಯಿಸ್ ಇನಾಸಿಯೊ ಲೂಲ ಡ ಸಿಲ್ವ ಅವರು 1980ರಲ್ಲಿ ಹುಟ್ಟಿದ ಕಾರ್ಮಿಕರ ಪಕ್ಷದ ಉಮೇದುವಾರರಾಗಿ 1989, 1994, 1998ರಲ್ಲಿ ಮೂರು ಬಾರಿ ಸೋತರು. ಬ್ರಯನನೂ ಮೂರು ಬಾರಿ ಸೋತವನೇ. ವ್ಯತ್ಯಾಸವೆಂದರೆ ಲೂಲರ ಪಕ್ಷ ಪ್ರತಿ ಸೋಲಿನ ಬಳಿಕವೂ ಉಳಿಯಿತು. ಪೋರ್ಟೊ ಅಲೆಗ್ರೆಯಂಥ ನಗರಗಳ ಆಡಳಿತವನ್ನು ವಹಿಸಿ, ತನ್ನನ್ನು ಅರಿಯದವರಿಗೂ ತಾನೇನೆಂಬುದನ್ನು ತೋರಿಸಿಕೊಟ್ಟಿತು. 2002ರಲ್ಲಿ ಲೂಲರು ಎರಡನೆಯ ಸುತ್ತಿನಲ್ಲಿ ಶೇಕಡ 61ರಷ್ಟು ಮತಗಳಿಂದ ಗೆದ್ದರು.

ಆ ಗೆಲುವಿಗೂ ಬೆಲೆ ತೆರಬೇಕಾಯಿತೆಂಬುದನ್ನು ಹೇಳದೆ ಬಿಡುವುದು ಪ್ರಾಮಾಣಿಕತೆಯಲ್ಲ. ಬಟ್ಟೆಯ ಗಿರಣಿಗಳ ಒಡೆಯರಾದ ಜೋಸೆ ಅಲೆಂಕಾರ್ ಅವರನ್ನು ಉಪಾಧ್ಯಕ್ಷ ಸ್ಥಾನಕ್ಕೆ ಜೊತೆಮಾಡಿಕೊಳ್ಳಲಾಯಿತು. 2002ರ ಜೂನ್ ತಿಂಗಳಲ್ಲಿ ಜನತೆಗೆ ಬರೆದ ಬಹಿರಂಗ ಪತ್ರದಲ್ಲಿ, ದೇಶವು ಮಾಡಿಕೊಂಡಿರುವ ಹಣಕಾಸಿನ ಕರಾರುಗಳನ್ನು ಗೌರವಿಸುವುದಾಗಿ ಮಾತು ಕೊಡಲಾಯಿತು. ಇದನ್ನು ವಿವೇಕವೆನ್ನುವವರುಂಟು, ಶರಣಾಗತಿಯೆನ್ನುವವರುಂಟು. ನಾವು ಗಮನಿಸಬೇಕಾದುದು ಇಷ್ಟೆ: 1896ರಲ್ಲಿ ಮೈತ್ರಿ ಮಾಡಿಕೊಂಡ ಪಕ್ಷ ಕರಗಿತು, 2002ರಲ್ಲಿ ಮೈತ್ರಿ ಮಾಡಿಕೊಂಡ ಪಕ್ಷ ಕರಗಲಿಲ್ಲ. ಮೈತ್ರಿಯೇ ಮರಣವೆಂಬ ಗುಡ್ವಿನ್ ಅವರ ತೀರ್ಪನ್ನು ಆದುದರಿಂದ ತಿದ್ದಬೇಕಾಗುತ್ತದೆ. ದೊಡ್ಡ ಪಕ್ಷದೊಳಕ್ಕೆ ಹೋಗಿ ಸೇರುವ ಮೈತ್ರಿ ಬೇರೆ. ತನ್ನ ಅಂಗಳಕ್ಕೆ ಇತರರನ್ನು ಕರೆದುಕೊಳ್ಳುವ ಮೈತ್ರಿ ಬೇರೆ.

ಕೊನೆಯದಾಗಿ, ಸೋಲಿನ ಹೊರೆ ಯಾರ ಮೇಲೆ ಬಿದ್ದಿತೆಂಬುದನ್ನು ನೆನೆಯದೆ ಈ ವಿಮರ್ಶೆಯನ್ನು ಮುಗಿಸಲಾಗದು. ಉತ್ತರ ಕರೊಲಿನದಲ್ಲಿ ಜನಪಕ್ಷದವರೂ ರಿಪಬ್ಲಿಕನ್ನರೂ ಕೂಡಿ, ಬಿಳಿಯ ರೈತರ ಮತ್ತು ಕಪ್ಪು ನಾಗರಿಕರ ಮತಗಳಿಂದ, 1894ರಲ್ಲಿ ಶಾಸನಸಭೆಯನ್ನು ಗೆದ್ದಿದ್ದರು. 1898ರ ನವೆಂಬರ್ 10ರಂದು ವಿಲ್ಮಿಂಗ್ಟನ್ ನಗರದಲ್ಲಿ ಆಯುಧಪಾಣಿಗಳಾದ ಬಿಳಿಯರು ನ್ಯಾಯವಾಗಿ ಚುನಾಯಿತವಾಗಿದ್ದ ಪುರಸಭೆಯನ್ನು ಉರುಳಿಸಿ ಕಪ್ಪು ನಾಗರಿಕರನ್ನು ಕೊಂದರು. 1900ರಲ್ಲಿ ಆ ರಾಜ್ಯವು ಸಾಕ್ಷರತೆಯ ಪರೀಕ್ಷೆಯನ್ನೂ ತಲೆಗಂದಾಯವನ್ನೂ ಒಡ್ಡಿ ಅವರ ಮತಾಧಿಕಾರವನ್ನು ಕಿತ್ತುಕೊಂಡಿತು. ಬಡ ಬಿಳಿಯರಲ್ಲಿಯೂ ಅನೇಕರು ಕಾಲಕ್ರಮದಲ್ಲಿ ಮತಗಟ್ಟೆಯಿಂದ ದೂರವಾದರು. ಕೆಳಗಿನವರು ಒಟ್ಟಾಗಿ ಗೆಲ್ಲಲಾರರು ಎಂಬುದು ನಿಯಮವಾಗಿದ್ದರೆ, ಅವರು ಒಟ್ಟಾಗದಂತೆ ಕಾನೂನನ್ನೇ ಬದಲಾಯಿಸಬೇಕಾದ ಅಗತ್ಯ ಎದುರಾಳಿಗಳಿಗೆ ಏಕೆ ಬಂದಿತು? ಈ ಪ್ರಶ್ನೆಯನ್ನು ನಮ್ಮ ವಿದ್ಯಾರ್ಥಿಗಳ ಮುಂದೆ ಇಡಬೇಕೆಂದು ನಾವು ಬಯಸುತ್ತೇವೆ.

ಆದುದರಿಂದ ಮುಂದೆ ಅಂಥ ಉತ್ತರಪತ್ರಿಕೆ ಬಂದಾಗ ಅಂಚಿನಲ್ಲಿ ಹೀಗೆ ಬರೆಯಬಹುದೆಂದು ತೋರುತ್ತದೆ: ಜನಚಳವಳಿಯ ಉಮೇದುವಾರನು ರಾಷ್ಟ್ರವನ್ನು ಗೆಲ್ಲಬಲ್ಲನು, ಆದರೆ ಚಳವಳಿಯನ್ನು ಹಿಂದೆ ಬಿಟ್ಟು ಗೆಲ್ಲಲಾರನು. ಅವನಿಗಿಂತ ಮುಂಚೆ ಅದು ಅಪರಿಚಿತರ ಊರುಗಳನ್ನು ಮುಟ್ಟಿರಬೇಕು. ಅವನು ಸೋತ ಮರುದಿನವೂ ಅದರ ಕಚೇರಿ ಬಾಗಿಲು ತೆರೆಯಬೇಕು. 1896ರ ಅಮೆರಿಕದಲ್ಲಿ ಈ ಎರಡೂ ಆಗಲಿಲ್ಲ. ಆಗಲಿಲ್ಲವೆಂಬುದು ಇತಿಹಾಸ, ಆಗುವುದೇ ಇಲ್ಲವೆಂಬುದು ಇತಿಹಾಸವಲ್ಲ.